ಕಷ್ಟದ ಎತ್ತಂಗಡಿ

ನಮ್ಮ ರಾಜ್ಯದಲ್ಲಿ ಅಧಿಕಾರಿಯೊಬ್ಬನ ಮೇಲೆ ದೂರು ಬಂತೆಂದರೆ ಸರ್ಕಾರ ಅವನನ್ನು ತಿದ್ದುವುದಿಲ್ಲ, ಮನೆಗೂ ಕಳಿಸುವುದಿಲ್ಲ. ಎತ್ತಂಗಡಿ ಮಾಡುತ್ತದೆ. ಇವತ್ತು ಮಂಡ್ಯದಲ್ಲಿ ಕೈ ಚಾಚುತ್ತಿದ್ದವನು ಬರುವ ಸೋಮವಾರದಿಂದ ಬೀದರಿನಲ್ಲಿ ಚಾಚುತ್ತಾನೆ. ಮಂಡ್ಯದವರು ಪಟಾಕಿ ಹೊಡೆಯುತ್ತಾರೆ, ಬೀದರಿನವರು ಹಾರ ಹಿಡಿದು ನಿಲ್ಲುತ್ತಾರೆ, ಫೈಲು ಮುಚ್ಚಿಕೊಳ್ಳುತ್ತದೆ. ಅಭಿವೃದ್ಧಿ ಎಂಬ ಮಹಾ ಇಲಾಖೆಯ ಕಾರ್ಯವೈಖರಿಯೂ ಇದೇ. ಅದು ಕಷ್ಟವನ್ನು ನಿವಾರಿಸಿದ ದಾಖಲೆ ಹುಡುಕಿದರೂ ಸಿಗುವುದಿಲ್ಲ. ವರ್ಗ ಮಾಡಿದ ಆದೇಶಗಳು ಮಾತ್ರ ಕಟ್ಟುಕಟ್ಟು ಇವೆ.

ಹಾಗಂತ ಹಿಂದಿನ ಕಾಲವೇ ಚೆನ್ನಾಗಿತ್ತು ಎಂಬ ಭಜನೆ ನನ್ನಿಂದ ಆಗದು. ಒರಳುಕಲ್ಲಿನ ಚಟ್ನಿಯ ರುಚಿಯ ಬಗ್ಗೆ ಕಣ್ಣು ಮುಚ್ಚಿಕೊಂಡು ಮಾತಾಡುವ ಮಹನೀಯರನ್ನು ಗಮನಿಸಿ ನೋಡಿ. ಒಬ್ಬರೂ ರುಬ್ಬಿದವರಲ್ಲ. ರುಬ್ಬಿದವರು ಮಿಕ್ಸಿ ಬಂದ ದಿನವೇ ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದರು. ಸೌಕರ್ಯ ಬೇಡ ಅನ್ನುವವರು ಯಾರೂ ಇಲ್ಲ. ನನಗೆ ಇರುವ ಕುತೂಹಲ ಒಂದೇ: ನಮ್ಮ ಮನೆಯಿಂದ ರಿಲೀವ್ ಆದ ಕಷ್ಟ ಎಲ್ಲಿಗೆ ಹೋಗಿ ಚಾರ್ಜ್ ತಗೊಂಡಿತು?

ಕಾವೇರಿಯನ್ನೇ ನೋಡೋಣ. ನದಿ ನೀರೆತ್ತುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ. ಬೆಂಗಳೂರು ದಿಬ್ಬದ ಮೇಲಿದೆ, ನದಿಗೆ ಹತ್ತುವ ಅಭ್ಯಾಸವಿಲ್ಲ. ಆದ್ದರಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಕೂರಿಸಿ ಹಗಲೂ ರಾತ್ರಿ ಆ ತಾಯಿಯನ್ನು ಬೆನ್ನಿಗೆ ಕೈಕೊಟ್ಟು ಮೇಲಕ್ಕೆ ನೂಕುತ್ತಿದ್ದೇವೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಉದ್ಘಾಟನೆಯಾಯಿತು. ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಇಷ್ಟು ಸಾಹಸ ಮಾಡಿ, ಸೋಸಿ, ಕ್ಲೋರಿನ್ ಹಾಕಿ ಕುಡಿಯಲು ಯೋಗ್ಯ ಮಾಡಿದ ನೀರನ್ನು ನಾವು ಕುಡಿಯುತ್ತೇವೆಯೇ? ಶಿವಶಿವಾ! ಕುಡಿಯಲು ಕ್ಯಾನ್ ಬರುತ್ತದೆ, ಇಲ್ಲವೇ ಗೋಡೆಗೆ ತೂಗುಹಾಕಿದ ಆರ್‌ಓ ಯಂತ್ರ ಇದೆ. ಅದು ಒಂದು ಲೋಟ ಕೊಡುವುದಕ್ಕೆ ಒಂದಕ್ಕಿಂತ ಹೆಚ್ಚು ಲೋಟ ಚರಂಡಿಗೆ ಚೆಲ್ಲುತ್ತದೆ. ಉಳಿದ ಕಾವೇರಿಯಲ್ಲಿ ದೊಡ್ಡ ಪಾಲು ಕಮೋಡಿಗೆ.

ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಭಕ್ತರು ಚಳಿಯಲ್ಲಿ ನಡುಗುತ್ತ ಕಾಯುತ್ತಾರೆ, ಒಂದು ಚೊಂಬು ತುಂಬಿಕೊಂಡರೆ ಜನ್ಮ ಸಾರ್ಥಕ. ಬೆಂಗಳೂರಿನಲ್ಲಿ ಗುಂಡಿ ಒತ್ತಿದಾಗಲೆಲ್ಲ ತೀರ್ಥೋದ್ಭವ. ಮುಹೂರ್ತ ಬೇಕಿಲ್ಲ, ಪಂಚಾಂಗ ಬೇಕಿಲ್ಲ. ಹಳೆಯ ಮಾದರಿಯ ಟ್ಯಾಂಕಾದರೆ ಒಂದೊಂದು ಸಲಕ್ಕೂ ಹತ್ತು ಲೀಟರ್. ಆ ಗುಂಡಿ ಒತ್ತುವುದು ಎಂದರೆ ಎತ್ತಂಗಡಿ ಆದೇಶಕ್ಕೆ ಸಹಿ ಹಾಕಿದ ಹಾಗೆ. ಸೊಂಯ್ ಎಂದು ಸದ್ದಾಗುತ್ತದೆ, ಕಷ್ಟ ಹೊರಟುಹೋಗುತ್ತದೆ. ಎಲ್ಲಿಗೆ ಎಂದು ಬಚ್ಚಲುಮನೆಯಿಂದ ಹೊರಬಂದ ಯಾರೂ ಕೇಳಿದ್ದು ನಾನು ಕಂಡಿಲ್ಲ.

ಅದು ಬಹುಕಾಲ ಹೋದದ್ದು ಬೆಳ್ಳಂದೂರಿಗೆ. ಸುಮಾರು 900 ಎಕರೆಯ ಕೆರೆ, ನಗರದಲ್ಲೇ ದೊಡ್ಡದು. ಊರಿನ ಮಾರ್ಜಕ, ಮಲ, ಕಾರ್ಖಾನೆಯ ಕೊಳೆ ಎಲ್ಲವೂ ಅಲ್ಲಿ ಒಟ್ಟುಗೂಡಿ, ಕೋಡಿಯಲ್ಲಿ ಧುಮುಕುವಾಗ ಕಡೆದಂತಾಗಿ ಆಳೆತ್ತರದ ನೊರೆ ಏಳುತ್ತಿತ್ತು. ಗಾಳಿ ಬೀಸಿದರೆ ನೊರೆ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಬಡಿಯುತ್ತಿತ್ತು. ಹೊರಗಿನಿಂದ ಬಂದವರು ಕಾಶ್ಮೀರ ಸಿಕ್ಕಿತೆಂದು ಫೋಟೊ ಹೊಡೆದುಕೊಂಡರು. ಆಡಳಿತ ಎಚ್ಚೆತ್ತು ತಕ್ಷಣ ಕ್ರಮ ಕೈಗೊಂಡಿತು: ನೊರೆ ರಸ್ತೆಗೆ ಬಾರದಂತೆ ಜಾಲರಿ ಕಟ್ಟಿತು. ನೊರೆ ಇರಲಿ, ಶಿಸ್ತಿನಿಂದ ಒಳಗಿರಲಿ.

ಆಮೇಲೆ ಆ ಕೆರೆಗೆ ಬೆಂಕಿ ಬಿತ್ತು. 2015ರಲ್ಲಿ ಬಿತ್ತು, 2017ರಲ್ಲಿ ಬಿತ್ತು, 2018ರ ಜನವರಿಯಲ್ಲಿ ಸೈನಿಕರೇ ಇಳಿದು ಗಂಟೆಗಟ್ಟಲೆ ಹೋರಾಡಿ ಆರಿಸಬೇಕಾಯಿತು. ಬೆಂಕಿ ಬಿದ್ದರೆ ನೀರು ಹಾಕಬೇಕೆಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನೀರಿಗೇ ಬೆಂಕಿ ಬಿದ್ದರೆ ಏನು ಹಾಕಬೇಕೆಂದು ಪಿಎಚ್‌.ಡಿ. ಮಾಡಿದವರೂ ತಲೆ ಕೆರೆದುಕೊಂಡರು. ಪಂಚಭೂತಗಳಲ್ಲಿ ಎರಡನ್ನು ಒಂದಾಗಿಸಿದ ಕೀರ್ತಿ ನಮ್ಮ ಮಹಾನಗರಕ್ಕೆ ಸಲ್ಲಬೇಕು.

ಉಳಿದ ನೊರೆ ದಕ್ಷಿಣ ಪಿನಾಕಿನಿ ಹಿಡಿದು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಗೆ ಹೋಯಿತು. ಅಂತರರಾಜ್ಯ ವರ್ಗಾವಣೆ. ಕಾವೇರಿಯ ಒಂದೊಂದು ಟಿಎಂಸಿಗೂ ದೆಹಲಿಯವರೆಗೆ ಹೋಗಿ ಕಾದಾಡುವ ನಾವು, ನೊರೆಯನ್ನು ಮಾತ್ರ ಯಾರೂ ಕೇಳದೆಯೇ ತಮಿಳುನಾಡಿಗೆ ಧಾರಾಳವಾಗಿ ಬಿಟ್ಟೆವು. ಒಬ್ಬ ಹೋರಾಟಗಾರರೂ ಇದನ್ನು ತಡೆಯಲು ಹೆದ್ದಾರಿಯಲ್ಲಿ ಮಲಗಲಿಲ್ಲ.

ಆದರೂ ಕೊಳೆ ಮುಗಿಯಲಿಲ್ಲ. ಆಗ ಹೊಳೆದದ್ದು ಕೋಲಾರ. ಅಲ್ಲಿನ ರೈತ 1500 ಅಡಿ ಕೊರೆದರೂ ದೂಳೇ ಬರುತ್ತಿದ್ದ ಕಾಲ. ಪಶ್ಚಿಮ ಘಟ್ಟದಿಂದ ನೀರು ತರುತ್ತೇವೆಂದು ಎತ್ತಿನಹೊಳೆಗೆ ಶಂಕುಸ್ಥಾಪನೆ ಮಾಡಿದ್ದು 2014ರಲ್ಲಿ. ಅದು ಇನ್ನೂ ದಾರಿಯಲ್ಲಿದೆ, ಅಂದಾಜು ವೆಚ್ಚ ಮಾತ್ರ 23 ಸಾವಿರ ಕೋಟಿ ದಾಟಿ ಮುಂದೆ ಹೋಗಿದೆ. ಘಟ್ಟದ ನೀರು ಬರುವ ತನಕ ಬೆಂಗಳೂರಿನದ್ದು ಕುಡಿಸೋಣವೆಂದು 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಇಳಿಯಿತು. ದಿನಕ್ಕೆ 44 ಕೋಟಿ ಲೀಟರ್ ಗುರಿ, ನೂರಕ್ಕೂ ಹೆಚ್ಚು ಕೆರೆ. ಎರಡು ಹಂತದ ಶುದ್ಧೀಕರಣ. ಮೂರನೆಯದನ್ನೂ ಮಾಡಿ ಎಂದು ಅಲ್ಲಿನವರು ಕೇಳುತ್ತಲೇ ಇದ್ದಾರೆ. ಬಂದ ಒಂದೇ ತಿಂಗಳಲ್ಲಿ ಲಕ್ಷ್ಮೀಸಾಗರದಲ್ಲೂ ನೊರೆ ಕಾಣಿಸಿಕೊಂಡು, ಪಂಪು ನಿಂತು, ಹೈಕೋರ್ಟ್ ಮೆಟ್ಟಿಲೇರಿ, ಮತ್ತೆ ಪಂಪು ಶುರುವಾಯಿತು.

ಕೋಲಾರದ ನರಸಾಪುರದ ಕಡೆ ಚಹದಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಇದನ್ನು ವಿವರಿಸಿದ ರೀತಿ ಯಾವ ತಜ್ಞರ ವರದಿಗಿಂತಲೂ ಸ್ಪಷ್ಟವಾಗಿತ್ತು. "ಕೆರೆ ತುಂಬ್ತಲ್ಲ ಸ್ವಾಮಿ, ಊರೋರೆಲ್ಲ ಸೇರಿ ಗಂಗೆಪೂಜೆ ಮಾಡಿ ಬಾಗಿನ ಬಿಟ್ವಿ. ನಮ್ಮ ಮೊಮ್ಮಗ ಕೇಳ್ದ, ತಾತಾ ಈ ಗಂಗೆ ಯಾರ ಮನೇಲಿ ಸ್ನಾನ ಮುಗಿಸ್ಕೊಂಡು ಬಂದವ್ಳೆ ಅಂತ. ಸ್ನಾನಾನೇ ಆದ್ರೆ ಪರವಾಗಿಲ್ಲ ಕಣ್ಲಾ ಅಂದೆ." ಪಕ್ಕದವರು ನಗಲಿಲ್ಲ. "ಏನಾರಾ ಅನ್ನಿ, ಬೋರಲ್ಲಿ ನೀರು ಬಂತಲ್ಲ" ಅಂದರು. ಅದೂ ನಿಜ. ಒಣಗಿದ್ದ ಬೋರು ಮತ್ತೆ ಸುರಿದಾಗ ರೈತ ನೀರಿನ ಕುಲಗೋತ್ರ ವಿಚಾರಿಸುತ್ತಾ ಕೂರುವುದಿಲ್ಲ, ಟೊಮೆಟೊ ನಾಟಿ ಮಾಡುತ್ತಾನೆ. ಆ ಟೊಮೆಟೊ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಕಸದ ಕಥೆ ಇದಕ್ಕಿಂತ ಚಿಕ್ಕದು, ಏಕೆಂದರೆ ಅದನ್ನು ಶುದ್ಧೀಕರಿಸಿದ್ದೇವೆಂದು ಹೇಳುವ ಶ್ರಮವನ್ನೂ ಹೆಚ್ಚಾಗಿ ಯಾರೂ ತೆಗೆದುಕೊಳ್ಳಲಿಲ್ಲ. ದಿನಕ್ಕೆ ಸುಮಾರು 5 ಸಾವಿರ ಟನ್. ಕಸ ಸುರಿಯುತ್ತಿದ್ದ ಮಾವಳ್ಳಿಪುರ ತುಂಬಿ ಜನ ತಿರುಗಿಬಿದ್ದಾಗ ಮಂಡೂರು. ಮಂಡೂರಿನವರು ವರ್ಷಗಟ್ಟಲೆ ಮೂಗು ಮುಚ್ಚಿಕೊಂಡು ಬದುಕಿ, ರಸ್ತೆ ತಡೆದು, ಕೊನೆಗೆ 2014ರ ಡಿಸೆಂಬರಿನಿಂದ ಲಾರಿಗಳನ್ನು ನಿಲ್ಲಿಸಿದರು. ಬಂದದ್ದು ಮಾತ್ರ ನಿಂತಿತು, ಇದ್ದದ್ದು ಹಾಗೇ ಉಳಿಯಿತು. ಲಾರಿಗಳು ಬೆಳ್ಳಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳ ಕಡೆಗೂ ದೊಡ್ಡಬಳ್ಳಾಪುರದ ಕಡೆಗೂ ತಿರುಗಿದವು. ಕಸಕ್ಕೆ ಆಯ್ಕೆಯಾಗುವ ಹಳ್ಳಿಗೆ ಅರ್ಹತೆ ಬಹಳ ಬೇಕಿಲ್ಲ: ನಗರಕ್ಕೆ ಲಾರಿ ಬಾಡಿಗೆಗೆ ಗಿಟ್ಟುವಷ್ಟು ಹತ್ತಿರವಿರಬೇಕು, ನಗರದ ಮೂಗಿಗೆ ತಟ್ಟದಷ್ಟು ದೂರವಿರಬೇಕು, ಮತ್ತು ಅಲ್ಲಿನ ಶಾಸಕರು ಮಂತ್ರಿಯಾಗಿರಬಾರದು.

ಇನ್ನು ಟೊಮೆಟೊ.

ಸ್ನೇಹಿತರೊಬ್ಬರನ್ನು ನೋಡಲು ಅವರ ಅಪಾರ್ಟ್‌ಮೆಂಟಿಗೆ ಹೋಗಿ, ಒಳಗೆ ಬಿಡಲು ಓಟಿಪಿ ಬರಬೇಕೆಂದು ಗೇಟಿನಲ್ಲಿ ನಿಂತಿದ್ದೆ. ಒಬ್ಬ ಹುಡುಗ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟೂ ತೆಗೆಯದೆ ಚೀಲ ಹಿಡಿದು ಓಡಿದ. ಸೆಕ್ಯುರಿಟಿಯವನು ತಡೆದ.

"ಆ ಲಿಫ್ಟಿಗೆ ಹೋಗಬ್ಯಾಡೋ ತಮ್ಮಾ, ಅದು ಮನಿಯವರದು. ಹಿಂದಿನದ್ರಾಗ ಹೋಗು."

"ಹಿಂದಿನದ್ರಲ್ಲಿ ಯಾರದೋ ಸೋಫಾ ಸಿಕ್ಕಾಕ್ಕೊಂಡೈತೆ ಅಣ್ಣಾ. ಟೈಮಾಯ್ತದೆ."

"ನಾ ಏನ್ ಮಾಡ್ಲಿ? ಕ್ಯಾಮೆರಾ ಐತಿ. ನಿನ್ನ ಬಿಟ್ರ ನನ್ನ ಕೆಲಸ ಹೋಗತೈತಿ."

ಹುಡುಗ ಫೋನ್ ಮಾಡಿದ. ಪುಣ್ಯಕ್ಕೆ ಆ ಮನೆಯಾಕೆ ಅಲ್ಲೇ ಕೆಳಗೆ ಉದ್ಯಾನದ ಸುತ್ತ ಬಿರುಸಾಗಿ ನಡೆಯುತ್ತಿದ್ದರು. ಬಂದರು.

"ಏನಪ್ಪಾ, ಹತ್ತು ನಿಮಿಷ ಅಂತ ಹಾಕಿ ಹದಿನಾಲ್ಕು ತೋರಿಸ್ತಿದೆ?"

"ಗೇಟಿಗೆ ಒಂಬತ್ತಕ್ಕೇ ಬಂದಿದ್ದೆ ಮೇಡಂ."

"ನೋಡು, ಎರಡು ಟೊಮೆಟೊ ಮೆತ್ತಗಾಗಿದೆ. ಎಲ್ಲಿಂದ ತರ್ತಾರೋ ಇವನ್ನ!"

"ಕೋಲಾರದ್ದು ಮೇಡಂ. ನಮ್ಮೂರ ಕಡೇದೇ."

"ಸರಿ ಸರಿ, ಬೇಗ ಬೇಗ. ನನ್ನದು ಇನ್ನೂ ಎರಡು ಸಾವಿರ ಬಾಕಿ ಇದೆ."

ಹುಡುಗ ದುಡ್ಡಿನ ಮಾತೆಂದುಕೊಂಡು, "ಆನ್‌ಲೈನಲ್ಲೇ ಆಗಿದೆ ಮೇಡಂ, ಕೊಡಂಗಿಲ್ಲ" ಎಂದ. ಆಕೆ ಹೇಳಿದ್ದು ಹೆಜ್ಜೆಗಳ ಬಾಕಿ. ಮೂಲೆಯಂಗಡಿಗೆ ಹೋಗಿ ಬಂದಿದ್ದರೆ ಆ ಬಾಕಿಯೂ ತೀರುತ್ತಿತ್ತು, ಟೊಮೆಟೊವನ್ನೂ ಒತ್ತಿ ನೋಡಿ ತರಬಹುದಿತ್ತು. ಆದರೆ ಮೂಲೆಯಂಗಡಿ ಮುಚ್ಚಿಹೋಗಿದೆ. ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಅದರ ಪಕ್ಕ ಬೈಕು, ಬೈಕಿನ ಪಕ್ಕ ಬಾಯ್ತೆರೆದ ಚರಂಡಿ.

ಆ ಗೇಟನ್ನು ಸ್ವಲ್ಪ ಹೊತ್ತು ನೋಡಿದರೆ ರಾಜ್ಯದ ನಕ್ಷೆಯೇ ಕಾಣುತ್ತದೆ. ಎಂಟನೇ ಮಹಡಿಯ ಬಚ್ಚಲಿನಿಂದ ಹೊರಟದ್ದು ಕೋಲಾರದ ಕೆರೆಗೆ ಹೋಗಿ, ಟೊಮೆಟೊ ಆಗಿ, ಕೋಲಾರದ ಹುಡುಗನ ಬೆನ್ನೇರಿ, ಹತ್ತು ನಿಮಿಷದಲ್ಲಿ ಅದೇ ಎಂಟನೇ ಮಹಡಿಗೆ ವಾಪಸು ಬರುತ್ತಿದೆ. ಸೆಕ್ಯುರಿಟಿಯವನು ರಾಯಚೂರಿನ ಕಡೆಯವನು, ಶಕ್ತಿನಗರಕ್ಕೆ ಹತ್ತಿರದ ಹಳ್ಳಿ. ಅಲ್ಲಿನ 1720 ಮೆಗಾವಾಟ್ ಶಾಖೋತ್ಪನ್ನ ಕೇಂದ್ರದ ಕರೆಂಟು ಇಡೀ ರಾಜ್ಯಕ್ಕೆ, ಹಾರುಬೂದಿ ಅವನ ಊರಿಗೆ. ತನ್ನೂರ ಕರೆಂಟಿನಲ್ಲಿ ಓಡುವ ಲಿಫ್ಟಿನ ಕಾವಲಿಗೆ ಅವನೇ ನಿಂತಿದ್ದಾನೆ, ತನ್ನಂಥವರು ಹತ್ತದ ಹಾಗೆ.

ಈ ಹತ್ತು ನಿಮಿಷದ ಲೆಕ್ಕವೂ ಸೊಗಸಾಗಿದೆ. 2023ರ ಟಾಮ್‌ಟಾಮ್ ಸಮೀಕ್ಷೆಯ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ ಬೇಕಿತ್ತು. ಆಂಬುಲೆನ್ಸಿಗೂ ದಾರಿ ಸಿಗದ ಊರಿನಲ್ಲಿ ಕೊತ್ತಂಬರಿ ಸೊಪ್ಪು ಹತ್ತು ನಿಮಿಷಕ್ಕೆ ತಲುಪುತ್ತದೆ. ಕಾಯುವ ಕಷ್ಟವನ್ನು ಗಿರಾಕಿಯಿಂದ ತೆಗೆದು, ಸಿಗ್ನಲ್ ಹಾರುವ ಹುಡುಗನ ಮೊಣಕಾಲಿಗೆ ವರ್ಗ ಮಾಡಿದ್ದಾರೆ, ಅಷ್ಟೆ. ಇಂಥ ಗಿಗ್ ಕಾರ್ಮಿಕರು 2020–21ರಲ್ಲೇ ದೇಶದಲ್ಲಿ 77 ಲಕ್ಷ ಇದ್ದರೆಂದು ನೀತಿ ಆಯೋಗದ ಅಂದಾಜು. ನಮ್ಮ ರಾಜ್ಯ 2025ರಲ್ಲಿ ಅವರಿಗಾಗಿ ಒಂದು ಕಾನೂನು ಮಾಡಿತು, ಕಲ್ಯಾಣ ಮಂಡಳಿ ಅಂತಲೂ ಹೇಳಿತು. ಒಳ್ಳೆಯದೇ. ಕಲ್ಯಾಣವೂ ಹತ್ತು ನಿಮಿಷದಲ್ಲಿ ತಲುಪಬೇಕೆಂದು ಯಾರೂ ಹಟ ಹಿಡಿದಿಲ್ಲ.

ಕರೆಂಟಿನ ಮಾತು ಬಂತಲ್ಲ, ಶರಾವತಿಯನ್ನು ಬಿಟ್ಟರೆ ಮಲೆನಾಡಿನವರು ಬೈಯುತ್ತಾರೆ. ಅದಕ್ಕೆ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಮುಗಿದದ್ದು 1964ರಲ್ಲಿ. ಮುಳುಗಡೆಯಾದವರ ಮೊಮ್ಮಕ್ಕಳು ಇಂದಿಗೂ ಜಮೀನಿನ ಹಕ್ಕುಪತ್ರಕ್ಕೆ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಅದನ್ನು ಕೊಡುವ ಮೊದಲೇ ಅವರ ನೀರನ್ನೂ ಬೆಂಗಳೂರಿಗೆ ತರುವ ಪ್ರಸ್ತಾಪ ಬಂದಾಗ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಮಾಡಿತು. ಈಗ 2 ಸಾವಿರ ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ, ಅದೂ ಸಿಂಗಳೀಕದ ಅಭಯಾರಣ್ಯದಲ್ಲಿ. ಸಂಜೆ ಹೊತ್ತು ನಗರದಲ್ಲಿ ಎಲ್ಲರೂ ಒಟ್ಟಿಗೆ ಏಸಿ ಹಾಕುವುದರಿಂದ ಈ ತುರ್ತು. ಸಿಂಗಳೀಕಗಳಿಗೆ ಆಧಾರ್ ಕಾರ್ಡ್ ಇಲ್ಲದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ.

ಹೊರಗೆ ವರ್ಗ ಮಾಡಿದ್ದು ಸಾಲದೆ ಮೈಯೊಳಗೂ ಇದೇ ಆಡಳಿತ ನಡೆಸಿದ್ದೇವೆ. ನೀರು ಸೇದುವ ತೋಳಿನ ಕಷ್ಟ, ಮೆಟ್ಟಿಲು ಹತ್ತುವ ಮಂಡಿಯ ಕಷ್ಟ, ಬಗ್ಗಿ ಗುಡಿಸುವ ಸೊಂಟದ ಕಷ್ಟ, ಎಲ್ಲವನ್ನೂ ರದ್ದು ಮಾಡಿ ಒಟ್ಟಾರೆ ಹೊರೆಯನ್ನು ಮೇದೋಜೀರಕ ಗ್ರಂಥಿಯ ಮೇಜಿಗೆ ಕಳಿಸಿದೆವು. ಅದು ಒಂಟಿ ಗುಮಾಸ್ತ, ಹೊಟ್ಟೆಯ ಹಿಂದೆ ಕತ್ತಲಲ್ಲಿ ಕೂತು ಮೂರು ಸೆಕ್ಷನ್ನಿನ ಹೆಚ್ಚುವರಿ ಪ್ರಭಾರ ನೋಡುತ್ತಿದೆ. ಎಷ್ಟು ದಿನ ನೋಡೀತು? 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಲ್ಲಿ ದೇಶದ ಮಧುಮೇಹಿಗಳು 10.1 ಕೋಟಿ, ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸಾಕಷ್ಟು ಮೈ ಅಲುಗಿಸುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿತು. ಹಿಂದೆ ಮೇಷ್ಟ್ರು "ಎದ್ದು ನಿಲ್ಲೋ" ಅಂದರೆ ಶಿಕ್ಷೆ. ಈಗ ಕೈಗೆ ಕಟ್ಟಿದ ಗಡಿಯಾರ ಗಂಟೆಗೊಮ್ಮೆ ಎದ್ದು ನಿಲ್ಲಿ ಎಂದು ಗುರ್‌ಗುಡುತ್ತದೆ, ಅದಕ್ಕೆ ನಾವೇ ಸಾವಿರಾರು ರೂಪಾಯಿ ಫೀಸು ಕಟ್ಟಿದ್ದೇವೆ. ಮೇಷ್ಟ್ರು ಪುಕ್ಕಟೆ ಮಾಡುತ್ತಿದ್ದರು.

ಎತ್ತಂಗಡಿಯಲ್ಲಿ ಒಂದು ತೊಡಕಿದೆ, ಅದು ವಿಧಾನಸೌಧದವರಿಗೆಲ್ಲ ಗೊತ್ತು. ವರ್ಗವಾದವನು ಒಮ್ಮೊಮ್ಮೆ ಕೆಎಟಿ ಎಂಬ ಆಡಳಿತ ನ್ಯಾಯಮಂಡಳಿಗೆ ಹೋಗಿ ತಡೆಯಾಜ್ಞೆ ತಂದು, ಬೆಳಿಗ್ಗೆ ಹತ್ತಕ್ಕೆ ಹಳೆಯ ಕುರ್ಚಿಯಲ್ಲೇ ಬಂದು ಕೂತಿರುತ್ತಾನೆ. ಕಷ್ಟವೂ ಹಾಗೆ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮಳೆ ತಡೆಯಾಜ್ಞೆ ಕೊಟ್ಟಿತು. ರಾಜಕಾಲುವೆ ಒತ್ತುವರಿಯಾಗಿ, ಕೆರೆಯಿಂದ ಕೆರೆಗೆ ಹೋಗುವ ದಾರಿ ಮುಚ್ಚಿ ವಿಲ್ಲಾ ಎದ್ದಿದ್ದ ಕಡೆ ನೀರು ನೇರವಾಗಿ ಒಳಗೆ ನಡೆದು ಸೋಫಾದ ಮೇಲೆ ಕೂತಿತು. ಕೋಟಿಗಟ್ಟಲೆಯ ಕಾರುಗಳು ತೇಲಿದವು, ಸಾಫ್ಟ್‌ವೇರ್ ಎಂಜಿನಿಯರುಗಳು ಲ್ಯಾಪ್‌ಟಾಪ್ ತಲೆಯ ಮೇಲಿಟ್ಟುಕೊಂಡು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಕಚೇರಿಗೆ ಹೊರಟರು. ಹಳ್ಳಿಗೆ ಹೋಗಿ ನೆಲೆಸುತ್ತೇನೆಂದು ವಾರಕ್ಕೊಮ್ಮೆ ಸ್ಟೇಟಸ್ ಹಾಕುವವರಿಗೆ ಹಳ್ಳಿಯೇ ಟ್ರ್ಯಾಕ್ಟರ್ ಹತ್ತಿ ಮನೆಬಾಗಿಲಿಗೆ ಬಂತು.

ಒಂದೂವರೆ ವರ್ಷ ಕಳೆದು 2024ರ ಮಾರ್ಚಿನಲ್ಲಿ ಅದೇ ಕಡೆ ಕುಡಿಯಲು ನೀರಿಲ್ಲ. ಉಪಮುಖ್ಯಮಂತ್ರಿಗಳೇ ತಮ್ಮ ಮನೆಯ ಬೋರ್‌ವೆಲ್ ಬತ್ತಿದೆ ಎಂದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5 ಸಾವಿರ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಅಪಾರ್ಟ್‌ಮೆಂಟಿನ ಸಭೆಗಳಲ್ಲಿ ಎಂಬಿಎ ಓದಿದವರು ಬಕೆಟ್ ಲೆಕ್ಕ ಮಾಡಿದರು. ಟ್ಯಾಂಕರಿನವನಿಗೆ "ಅಣ್ಣಾ, ದಯವಿಟ್ಟು" ಎಂದು ಫೋನ್ ಮಾಡಿದವರಲ್ಲಿ ಒಬ್ಬರು ಒಂದು ಕಂಪನಿಯ ಉಪಾಧ್ಯಕ್ಷರು. ಆ ಟ್ಯಾಂಕರ್ ಬಂದದ್ದು ನಗರದಂಚಿನ ಯಾವುದೋ ಹಳ್ಳಿಯ ತೋಟದ ಬೋರಿನಿಂದ. ಅಂದರೆ ನೀರಿಲ್ಲದ ಕಷ್ಟ ಲೋಡಿಗೆ ಇಷ್ಟೆಂದು ಬಾಡಿಗೆ ಹೊತ್ತು ಆ ಹಳ್ಳಿಗೆ ಮತ್ತೆ ವರ್ಗವಾಯಿತು. ಜೂನಿನಲ್ಲಿ ಮಳೆ ಬಂತು. ಎಲ್ಲರೂ ಬಕೆಟ್ಟಿನ ಲೆಕ್ಕ ಮರೆತರು.

ಹೀಗೆ ಕಷ್ಟವನ್ನು ವರ್ಗ ಮಾಡಿ ಮಾಡಿ ಸುತ್ತಲ ಹಳ್ಳಿಗಳು ತುಂಬಿದವು, ಪಕ್ಕದ ಜಿಲ್ಲೆ ತುಂಬಿತು, ಪಕ್ಕದ ರಾಜ್ಯ ತಕರಾರು ತೆಗೆದಿದೆ. ಮೇಲೆ ಫ್ಲೈಓವರಿನ ಮೇಲೆ ಮೆಟ್ರೊ ಓಡುತ್ತಿದೆ. ಉಳಿದದ್ದು ಪಾತಾಳ. ಆದ್ದರಿಂದ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸಾವಿರಾರು ಕೋಟಿಯ ಸುರಂಗ ರಸ್ತೆಯ ಯೋಜನೆ ತಯಾರಾಗಿದೆ. ಮೇಲಿನ ಟ್ರಾಫಿಕ್ಕನ್ನು ಕೆಳಕ್ಕೆ ವರ್ಗ ಮಾಡುವ ಈ ಯೋಜನೆಯನ್ನು ನನಗೆ ಪರಿಚಯವಿರುವ ಬಡಾವಣೆಯೊಂದರ ನಿವಾಸಿಗಳ ಸಂಘ ಸರ್ವಾನುಮತದಿಂದ ಸ್ವಾಗತಿಸಿತು. ಲಾಡು ಹಂಚಿದ ಮೇಲೆ, ನಿವೃತ್ತ ಎಂಜಿನಿಯರೊಬ್ಬರು ಸುರಂಗ ಅಂದಮೇಲೆ ಒಳಗಿನ ಹೊಗೆ ಎಲ್ಲಾದರೂ ಹೊರಗೆ ಬರಲೇಬೇಕಲ್ಲ, ಅದಕ್ಕೊಂದು ಚಿಮಣಿ ಎಲ್ಲಾದರೂ ಏಳಲೇಬೇಕಲ್ಲ ಎಂದರು. ಸಭೆ ಸ್ತಬ್ಧವಾಯಿತು. ಹತ್ತು ನಿಮಿಷದೊಳಗೆ ಶಾಸಕರಿಗೆ ಮನವಿ ಸಿದ್ಧವಾಗಿತ್ತು: ಸುರಂಗ ರಸ್ತೆ ಅತಿ ಜರೂರು, ಚಿಮಣಿಯನ್ನು ಮಾತ್ರ ಸಾರ್ವಜನಿಕ ಹಿತದೃಷ್ಟಿಯಿಂದ ಪಕ್ಕದ ಬಡಾವಣೆಯ ಪಾರ್ಕಿನಲ್ಲಿ ನಿರ್ಮಿಸತಕ್ಕದ್ದು. ಅದನ್ನು ಕೊಡಲು ಹೋದಾಗ ಶಾಸಕರ ಆಪ್ತ ಸಹಾಯಕರು, "ಇದು ನಿನ್ನೆಯೇ ಬಂದಿದೆಯಲ್ಲ ಸಾರ್" ಎಂದು ಪಕ್ಕದ ಬಡಾವಣೆಯವರ ಮನವಿ ತೆಗೆದು ತೋರಿಸಿದರು. ಒಕ್ಕಣೆ ಅದೇ, ಪಾರ್ಕಿನ ಹೆಸರು ಮಾತ್ರ ಬೇರೆ.